ನಕ್ಷೆಯ ತಂತ್ರಾಂಶ ನೇಕಾರರ ಊರಿನಲ್ಲೇ ಬೆಳೆಯಲಿ

ಕಾಶಿಗೆ ಹೋದ ಕನ್ನಡಿಗರಲ್ಲಿ ಸಂಜೆಯ ಗಂಗಾರತಿಗೆ ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಕೂರದೆ ಬಂದವರು ವಿರಳ. ಘಾಟಿನಿಂದ ಮೇಲೆ ಬಂದು ಗೋದೌಲಿಯಾ ವೃತ್ತದಲ್ಲಿ ದಕ್ಷಿಣಕ್ಕೆ ತಿರುಗಿದರೆ ನಮ್ಮ ಕಡೆಯ ಯಾತ್ರಿಕರಿಗೆ ಚಿರಪರಿಚಿತವಾದ ಜಂಗಮವಾಡಿ ಮಠ ಸಿಗುತ್ತದೆ. ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಮದನಪುರ, ಬನಾರಸಿ ಸೀರೆಯ ಹೆಸರನ್ನು ತಲೆಮಾರುಗಳಿಂದ ಹೊತ್ತು ಬಂದ ನೇಕಾರರ ಕೇರಿ. ಆ ಸೀರೆಯ ಹೂಬಳ್ಳಿ ಈಗ ಮೊದಲು ಮೂಡುವುದು ಬಹುಮಟ್ಟಿಗೆ ಕಂಪ್ಯೂಟರಿನ ಪರದೆಯ ಮೇಲೆ. ಚೌಕಳಿ ತುಂಬುವ ಕ್ಯಾಡ್ ತಂತ್ರಾಂಶವೇ ಇಂದಿನ ನಕ್ಷೆಯ ಕಾಗದ. ಇಳಕಲ್, ಮೊಳಕಾಲ್ಮೂರು, ದೊಡ್ಡಬಳ್ಳಾಪುರಗಳೂ ಇದೇ ಹಾದಿಯಲ್ಲಿವೆ. ಆದರೆ ಆ ತಂತ್ರಾಂಶದೊಳಗೆ ತಮಗೆ ಬೇಕಾದ ಒಂದು ಹೊಸ ಕೆಲಸವನ್ನು ಸೇರಿಸಿಕೊಳ್ಳುವ ಅಧಿಕಾರ ನೇಕಾರರ ಊರಿನಲ್ಲಿ ಯಾರಿಗಿದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ. ಸಾರ್ವಜನಿಕ ಹಣದಿಂದ ನೇಕಾರರಿಗೆ ಕೊಡುವ ಪ್ರತಿಯೊಂದು ವಿನ್ಯಾಸ ತಂತ್ರಾಂಶಕ್ಕೂ, ನಮ್ಮ ಕಾಲೇಜುಗಳಲ್ಲಿ ಕಲಿಸುತ್ತಿರುವ ಆಧುನಿಕ ಪ್ರೋಗ್ರಾಮಿಂಗ್ ಭಾಷೆಯೊಂದರಲ್ಲಿ ಹೊಸ ಸೌಲಭ್ಯ ಬರೆದು ಜೋಡಿಸುವ ಬಾಗಿಲು ಇರಲೇಬೇಕು. ಅದು ಇಂಜಿನಿಯರುಗಳ ಅನುಕೂಲಕ್ಕಾಗಿ ಕೇಳುವ ಹೆಚ್ಚುವರಿ ಸವಲತ್ತಲ್ಲ. ಕಸುಬಿನ ಅರಿವು ಕಸುಬುದಾರರ ಕೈಯಲ್ಲೇ ಉಳಿಯಬೇಕಾದರೆ ಬೇಕಾದ ಕನಿಷ್ಠ ವ್ಯವಸ್ಥೆ.

ಮಗ್ಗಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆ ಕಾಶಿಗೆ ಕಂಪ್ಯೂಟರಿನ ಜತೆ ಬಂದದ್ದಲ್ಲ. ಜಕಾರ್ಡ್ ಬರುವ ಮೊದಲು ಅಲ್ಲಿ ಜಾಲಾ ಮಗ್ಗಗಳಿದ್ದವು. ನಕ್ಷಾಬಂದ್ ಎಂದು ಕರೆಸಿಕೊಳ್ಳುತ್ತಿದ್ದ ಕುಶಲಿಗರು ಕಾಗದದ ಚಿತ್ರವನ್ನು ನೋಡಿ, ಬಿಗಿದ ದಾರಗಳ ನಡುವೆ ಅಡ್ಡ ದಾರಗಳನ್ನು ಪೋಣಿಸಿ, ಯಾವ ಹೊಕ್ಕಿಗೆ ಯಾವ ಹಾಸೆಳೆಗಳು ಮೇಲೇಳಬೇಕು ಎಂಬ ಪೂರ್ತಿ ಲೆಕ್ಕವನ್ನು ನೂಲಿನಲ್ಲೇ ಕಟ್ಟಿಡುತ್ತಿದ್ದರು. ಆ ನೂಲಿನ ನಕ್ಷೆಯನ್ನು ಮಗ್ಗಕ್ಕೆ ಜೋಡಿಸಿದರೆ ಅದೇ ಹೂವು ಎಷ್ಟು ಸಲ ಬೇಕಾದರೂ ಮರಳಿ ಬರುತ್ತಿತ್ತು. ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಯಂತ್ರ ಈ ಲೆಕ್ಕವನ್ನು ತೂತು ಕೊರೆದ ರಟ್ಟಿನ ಕಾರ್ಡುಗಳಿಗೆ ವರ್ಗಾಯಿಸಿತು. 20ನೇ ಶತಮಾನದಲ್ಲಿ ಅದು ಬನಾರಸಿಗೂ ಬಂತು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಕಲ್ಪನೆಗೆ ಈ ಕಾರ್ಡುಗಳನ್ನೇ ಎರವಲು ಪಡೆದದ್ದು ಕಂಪ್ಯೂಟರ್ ಚರಿತ್ರೆಯ ಮೊದಲ ಪುಟಗಳಲ್ಲಿದೆ. ಜಾಲಾ ಇರಲಿ ಜಕಾರ್ಡ್ ಇರಲಿ, ಎರಡರಲ್ಲೂ ಒಂದು ಗುಣ ಉಳಿದಿತ್ತು. ಹೂವಿನ ಎಸಳು ದಪ್ಪವಾಗಬೇಕೆಂದರೆ, ಅಂಚು ಅಗಲವಾಗಬೇಕೆಂದರೆ, ಬದಲಾಯಿಸಬಲ್ಲವರು ಅದೇ ಕೇರಿಯಲ್ಲಿದ್ದರು. ಆ ಲೆಕ್ಕದ ವಿಧಾನ ತೆರೆದಿತ್ತು, ಕಣ್ಣಿಗೆ ಕಾಣುತ್ತಿತ್ತು, ಶಿಷ್ಯನಿಗೆ ಕಲಿಸಲು ಬರುತ್ತಿತ್ತು. ಮುಚ್ಚಿದ ತಂತ್ರಾಂಶ ಬಂದಾಗ ಮುರಿದದ್ದು ಈ ಸರಪಳಿ. ಚಿತ್ರ ಬಿಡಿಸುವುದು ಸುಲಭವಾಯಿತು. ಚಿತ್ರವನ್ನು ನೇಯ್ಗೆಯಾಗಿಸುವ ನಿಯಮಗಳು ಮಾತ್ರ ದೂರದ ಕಂಪನಿಯೊಂದರ ಕೋಡಿನೊಳಗೆ ಸೇರಿಕೊಂಡವು.

ಇದು ಅನಿವಾರ್ಯವಾಗಿರಲಿಲ್ಲ ಎಂಬುದಕ್ಕೆ ಕ್ಯಾಡ್ ತಂತ್ರಾಂಶಗಳ ಇತಿಹಾಸವೇ ಸಾಕ್ಷಿ. 1982ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಆಟೋಕ್ಯಾಡ್‌ಗೆ 1986ರಲ್ಲಿ ಆಟೋಲಿಸ್ಪ್ ಎಂಬ ಭಾಷೆ ಸೇರಿತು. ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸಿದ ಲಿಸ್ಪ್ ಭಾಷೆಯ ಒಂದು ಸರಳ ರೂಪ ಅದು. ಅಂದಿನಿಂದ ರಸ್ತೆ, ಸೇತುವೆ, ಕಟ್ಟಡ, ಕೊಳವೆ ಮಾರ್ಗಗಳ ನಕ್ಷೆ ಬಿಡಿಸುವವರು ತಮ್ಮ ಕಚೇರಿಗೆ ಬೇಕಾದ ಆಜ್ಞೆಗಳನ್ನು ತಾವೇ ಬರೆದುಕೊಂಡರು. ಹತ್ತಾರು ಸಲ ಮೌಸ್ ಒತ್ತಬೇಕಾದ ಕೆಲಸ ಒಂದು ಸಣ್ಣ ಆಜ್ಞೆಯಲ್ಲಿ ಮುಗಿಯತೊಡಗಿತು. ಮೂಲ ಕಂಪನಿಗೆ ಗೊತ್ತೇ ಇಲ್ಲದ ಸ್ಥಳೀಯ ನಿಯಮ, ಸ್ಥಳೀಯ ಅಳತೆ, ಸ್ಥಳೀಯ ರೂಢಿಗಳೆಲ್ಲ ಹೀಗೆ ತಂತ್ರಾಂಶದ ಒಳಗೆ ಬಂದವು. ಅದೇ ಕಂಪನಿಯ ಅಗ್ಗದ ಆವೃತ್ತಿಯಾದ ಆಟೋಕ್ಯಾಡ್ ಎಲ್‌ಟಿಗೆ ಈ ಸೌಲಭ್ಯ ಸಿಕ್ಕಿದ್ದು 2024ರ ಆವೃತ್ತಿಯಲ್ಲಿ. ಹೆಚ್ಚು ದುಡ್ಡು ಕೊಟ್ಟವರಿಗೆ ಬಾಗಿಲು, ಕಡಿಮೆ ಕೊಟ್ಟವರಿಗೆ ಗೋಡೆ ಎಂಬ ನೀತಿ ದಶಕಗಟ್ಟಲೆ ನಡೆಯಿತು. ಇನ್ನೊಂದು ದಾರಿಯೂ ಇದೆ. 2002ರಲ್ಲಿ ಆರಂಭವಾದ ಫ್ರೀಕ್ಯಾಡ್‌ನಲ್ಲಿ ಮಾದರಿಯ ಬಹುತೇಕ ಪ್ರತಿಯೊಂದು ಭಾಗವನ್ನೂ ಪೈಥಾನ್‌ನಿಂದ ಮುಟ್ಟಬಹುದು. ನಮ್ಮ ದೇಶದಲ್ಲೇ, ಐಐಟಿ ಬಾಂಬೆಯ ಫಾಸಿ ಯೋಜನೆಯಡಿ ಬೆಳೆದ ಓಸ್ಡ್ಯಾಗ್ ಎಂಬ ಉಕ್ಕಿನ ರಚನಾ ವಿನ್ಯಾಸದ ಮುಕ್ತ ತಂತ್ರಾಂಶ ಪೈಥಾನ್‌ನಲ್ಲಿ ಬರೆಯಲ್ಪಟ್ಟು ಐಎಸ್ 800:2007 ಎಂಬ ಭಾರತೀಯ ಮಾನಕವನ್ನು ಅನುಸರಿಸುತ್ತದೆ. ಭಾರತದ ಮಾನಕವನ್ನು ಒಳಗಿಟ್ಟುಕೊಂಡ ಉಕ್ಕಿನ ತಂತ್ರಾಂಶವನ್ನು ಇಲ್ಲಿಯೇ ಕಟ್ಟಬಹುದಾದರೆ, ಸೀರೆಯ ನಿಯಮಗಳನ್ನು ಒಳಗಿಟ್ಟುಕೊಂಡ ತಂತ್ರಾಂಶ ಏಕಾಗಬಾರದು?

ನೇಯ್ಗೆಯ ವಿನ್ಯಾಸದಲ್ಲಿ ಬಳಸುವವರೇ ಬರೆದು ಸೇರಿಸುವ ಇಂಥ ಸಣ್ಣ ಪ್ರೋಗ್ರಾಮುಗಳಿಗೆ, ಅಂದರೆ ಸ್ಕ್ರಿಪ್ಟುಗಳಿಗೆ, ಏನು ಕೆಲಸ ಎಂದು ಕೇಳುವವರು ಒಂದು ಹೂವಿನ ಲೆಕ್ಕ ನೋಡಬೇಕು. ಇಂಚಿಗೆ 100 ಹಾಸೆಳೆ, 70 ಹೊಕ್ಕು ಇರುವ ಬಟ್ಟೆಯಲ್ಲಿ ಎರಡು ಇಂಚಿನ ದುಂಡು ಬುಟ್ಟಾ ಬೇಕೆಂದುಕೊಳ್ಳಿ. ಅದಕ್ಕೆ ಅಡ್ಡಕ್ಕೆ 200 ಚೌಕ, ಉದ್ದಕ್ಕೆ 140 ಚೌಕ ಬೇಕು. ಸಾಮಾನ್ಯ ಚಿತ್ರದ ತಂತ್ರಾಂಶದಲ್ಲಿ 200ಕ್ಕೆ 200ರಂತೆ ಬಿಡಿಸಿದರೆ ಮಗ್ಗದ ಮೇಲೆ ಹೂವು ಸುಮಾರು 2.9 ಇಂಚು ಎತ್ತರಕ್ಕೆ ಎಳೆದುಕೊಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನೂಲಿನ ಎಣಿಕೆ ಬದಲಾದಾಗಲೆಲ್ಲ ಈ ಪ್ರಮಾಣವನ್ನು ಹೊಸದಾಗಿ ಕಟ್ಟಬೇಕು. ಎರಡನೆಯದು ಎಳೆಯ ಕಟ್ಟು. ಹೊಕ್ಕಿನ ಎಳೆಯೊಂದು ನಡುವೆ ಎಲ್ಲೂ ಕಟ್ಟು ಬೀಳದೆ ಹತ್ತಾರು ಹಾಸೆಳೆಗಳ ಮೇಲೆ ಹಾಯ್ದು ಹೋದರೆ, ಉಟ್ಟಾಗ ಬಳೆಗೋ ಉಂಗುರಕ್ಕೋ ಸಿಕ್ಕಿ ಎದ್ದು ಬರುತ್ತದೆ. ನಕ್ಷೆಯ ಪ್ರತಿ ಸಾಲಿನಲ್ಲೂ ಇಂಥ ಉದ್ದ ಎಳೆಗಳನ್ನು ಹುಡುಕಿ ಎಲ್ಲೆಲ್ಲಿ ಕಟ್ಟು ಕೊಡಬೇಕೆಂದು ತೀರ್ಮಾನಿಸುವುದು ಕಣ್ಣು ನೋಯಿಸುವ ಕೆಲಸ. ಕಂಪ್ಯೂಟರಿಗೆ ಅದು ಕೆಲವೇ ಸಾಲುಗಳ ಪ್ರೋಗ್ರಾಂ. ಮೂರನೆಯದು ಜಕಾರ್ಡಿನಲ್ಲಿ ಹಾಸೆಳೆಗಳನ್ನು ಎತ್ತುವ ಹುಕ್‌ಗಳ ಸಂಖ್ಯೆ. ಒಂದು ಮನೆಯ ಜಕಾರ್ಡಿಗೆ ಹೊಂದುವ ವಿನ್ಯಾಸ ಹೆಚ್ಚು ಹುಕ್ ಇರುವ ಇನ್ನೊಂದು ಮನೆಯ ಜಕಾರ್ಡಿಗೆ ನೇರವಾಗಿ ಹೊಂದುವುದಿಲ್ಲ. ಇವನ್ನು ಕೆಲವು ದುಬಾರಿ ತಂತ್ರಾಂಶಗಳು ಮಾಡಿಕೊಡುತ್ತವೆ, ನಿಜ. ಆದರೆ ಮಾಡುವುದು ತಮಗೆ ಗೊತ್ತಿರುವ ಕೆಲವು ಬಗೆಯ ಬಟ್ಟೆಗಳಿಗೆ. ಇಳಕಲ್ ಸೀರೆಯಲ್ಲಿ ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸುವ ಕ್ರಮವಾಗಲಿ, ಗುಳೇದಗುಡ್ಡದ ಖಣದ ಪುಟ್ಟ ಆಕೃತಿಗಳ ಎಣಿಕೆಯಾಗಲಿ ದೂರದ ತಂತ್ರಾಂಶ ಕಂಪನಿಯ ಆದ್ಯತೆಯ ಪಟ್ಟಿಗೆ ಬರುವುದು ಯಾವ ಕಾಲಕ್ಕೆ?

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ, ಅದು ಜರಿಯದು. ಬನಾರಸಿನಲ್ಲಿ ಬುಟ್ಟಾ ತುಂಬುವ ಎರಡು ಪ್ರಮುಖ ಕ್ರಮಗಳಿವೆ. ಫೇಕ್ವಾ ಕ್ರಮದಲ್ಲಿ ಜರಿಯ ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಓಡುತ್ತದೆ. ಹೂವಿಲ್ಲದ ಕಡೆ ಬೆನ್ನಿನಲ್ಲಿ ಉಳಿಯುವ ಜರಿಯನ್ನು ಕಟ್‌ವರ್ಕ್ ಸೀರೆಗಳಲ್ಲಿ ಆಮೇಲೆ ಕತ್ತರಿಸಿ ತೆಗೆಯುತ್ತಾರೆ. ಕಢುವಾ ಕ್ರಮದಲ್ಲಿ ಪ್ರತಿ ಹೂವಿಗೂ ಬೇರೆ ಬೇರೆ ಸಣ್ಣ ಕಂಡಿಕೆ ಹಿಡಿದು ಆ ಹೂವಿನ ಮಿತಿಯಲ್ಲೇ ತುಂಬುತ್ತಾರೆ. ಮೇಲಿನ ಎರಡು ಇಂಚಿನ ಬುಟ್ಟಾಗಳನ್ನು 45 ಇಂಚು ಅಗಲದಲ್ಲಿ ಒಂಬತ್ತರಂತೆ ಒಂದು ಸಾಲು ಇಟ್ಟರೆ, ಫೇಕ್ವಾದಲ್ಲಿ 140 ಸಲ 45 ಇಂಚು, ಅಂದರೆ ಸುಮಾರು 160 ಮೀಟರ್ ಜರಿ ಬೇಕು. ಕಢುವಾದಲ್ಲಿ ತಿರುವುಗಳನ್ನು ಬಿಟ್ಟರೆ 140 ಸಲ 18 ಇಂಚು, ಸುಮಾರು 64 ಮೀಟರ್ ಸಾಕು. ಜರಿ ಕಡಿಮೆ, ಕೈಕೆಲಸ ಅನೇಕ ಪಟ್ಟು ಹೆಚ್ಚು. ಇಡೀ ಸೀರೆಗೆ ಈ ಲೆಕ್ಕ ಮಾಡಿ ಜರಿಯ ತೂಕ, ಕೆಲಸದ ಸಮಯ, ಕೂಲಿಯ ಪಾಲು ಎಷ್ಟೆಂದು ತೋರಿಸುವ ಸ್ಕ್ರಿಪ್ಟನ್ನು ತಂತ್ರಾಂಶ ಮಾರುವ ಕಂಪನಿ ತಾನಾಗಿ ಬರೆಯುವ ಸಾಧ್ಯತೆ ಕಡಿಮೆ, ಏಕೆಂದರೆ ಅದನ್ನು ಕೊಳ್ಳುವ ಶಕ್ತಿ ಇರುವುದು ಹೆಚ್ಚಾಗಿ ವ್ಯಾಪಾರಿಗೆ, ಗದ್ದೀದಾರರಿಗೆ. ನೇಕಾರರ ಸಹಕಾರ ಸಂಘಕ್ಕೆ ಅದು ಬೇಕು. ದರ ಮಾತಾಡುವಾಗ ಅಂದಾಜಿನ ಬದಲು ಅಂಕಿ ಹಿಡಿದು ಕೂರುವುದು ಸಣ್ಣ ಬದಲಾವಣೆಯಲ್ಲ. ತಂತ್ರಾಂಶವನ್ನು ವಿಸ್ತರಿಸುವ ಹಕ್ಕು ಕೂಲಿಯ ಪ್ರಶ್ನೆಗೂ ತಾಗುವುದು ಹೀಗೆ.

ಸರ್ಕಾರ ಈ ದಿಕ್ಕಿನಲ್ಲಿ ಏನೂ ಮಾಡಿಲ್ಲ ಎನ್ನುವಂತಿಲ್ಲ. ಹಿಂದೆ ಮೀಡಿಯಾ ಲ್ಯಾಬ್ ಏಷ್ಯಾ ಎಂದು ಹೆಸರಾಗಿದ್ದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್, ಜಕಾರ್ಡ್ ಮತ್ತು ಡಾಬಿ ನೇಯ್ಗೆಗೆಂದೇ ಡಿಜಿಬುನಾಯಿ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದೆ. ಸಾರ್ವಜನಿಕ ಹಣ, ಮುಕ್ತ ತಂತ್ರಾಂಶ, ನೇಕಾರರೇ ಗುರಿ: ಈ ಮೂರೂ ಸರಿಯಾದ ಆಯ್ಕೆಗಳು. ಆದರೆ ಯಾವುದೇ ತಂತ್ರಾಂಶದ ಮೂಲ ಕೋಡು ಮುಕ್ತವಾಗಿದೆ ಎಂದಮಾತ್ರಕ್ಕೆ ಅದು ಊರಿನವರ ಕೈಗೆ ಸಿಕ್ಕಿತು ಎಂದಾಗುವುದಿಲ್ಲ. ಸಾವಿರಾರು ಸಾಲುಗಳ ಮೂಲವನ್ನು ಬಿಚ್ಚಿ, ಬದಲಿಸಿ, ಮತ್ತೆ ಕಟ್ಟುವುದು ನುರಿತ ತಂಡದ ಕೆಲಸ. ಮೂಲವನ್ನು ಮುಟ್ಟದೆಯೇ ಹೊರಗಿನಿಂದ ಹತ್ತು ಸಾಲು ಬರೆದು ಹೊಸ ಆಜ್ಞೆ ಸೇರಿಸುವುದು ಡಿಪ್ಲೊಮಾ ವಿದ್ಯಾರ್ಥಿಗೂ ಸಾಧ್ಯ. ಇದಕ್ಕೆ ಎರಡು ಸಂಗತಿಗಳು ಬೇಕು: ತಂತ್ರಾಂಶದ ಒಳಗಿನ ನಕ್ಷೆ, ಹಾಸು, ಹೊಕ್ಕು, ಬಣ್ಣಗಳನ್ನು ಮುಟ್ಟಲು ದಾಖಲೆ ಸಹಿತವಾದ ಸ್ಕ್ರಿಪ್ಟ್ ವ್ಯವಸ್ಥೆ, ಮತ್ತು ಯಾರು ಬೇಕಾದರೂ ಓದಬಹುದಾದ ಕಡತದ ರೂಪ. ಎರಡನೆಯದಕ್ಕೆ ಒಳ್ಳೆಯ ಮಾದರಿ ಹಳೆಯದೇ ಇದೆ. ನೇಯ್ಗೆಯ ವಿನ್ಯಾಸಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಲು ರೂಪಿಸಿದ ಡಬ್ಲ್ಯುಐಎಫ್ ಕಡತ ಸರಳ ಪಠ್ಯವಷ್ಟೇ. ಅದರ 1997ರ ವಿವರಣೆಯನ್ನು ಹಿಡಿದು ಇಂದಿನ ವಿದ್ಯಾರ್ಥಿಯೂ ಅದನ್ನು ಪೈಥಾನ್‌ನಲ್ಲಿ ಸುಲಭವಾಗಿ ಓದಬಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಆವರಣದಲ್ಲಿ ಬೆಳೆದ ಅಡಾಕ್ಯಾಡ್ ಎಂಬ ಮುಕ್ತ ತಂತ್ರಾಂಶ ನೇಯ್ಗೆಯನ್ನು ಚೌಕ ತುಂಬುವ ಚಿತ್ರವಾಗಿ ನೋಡುವುದಿಲ್ಲ. ನಿಯಮಗಳನ್ನು ಒಂದಕ್ಕೊಂದು ಜೋಡಿಸಿ ನಕ್ಷೆ ಹುಟ್ಟಿಸುವ ಕ್ರಮವಾಗಿ ನೋಡುತ್ತದೆ. ನಕ್ಷಾಬಂದರು ನೂಲಿನಲ್ಲಿ ಯೋಚಿಸುತ್ತಿದ್ದ ಬಗೆಗೆ ಇದು ಚಿತ್ರಕಲೆಯ ತಂತ್ರಾಂಶಗಳಿಗಿಂತ ಹತ್ತಿರದ್ದು.

ಆಧುನಿಕ ಭಾಷೆಯೇ ಏಕೆ ಬೇಕು ಎಂಬುದಕ್ಕೆ ಮೊದಲ ಕಾರಣ, ಅದನ್ನು ಬಲ್ಲವರು ಊರಿನಲ್ಲೇ ಸಿಗುತ್ತಾರೆ ಎಂಬುದು. ಆಟೋಲಿಸ್ಪ್ ಶಕ್ತಿಯುತ ಭಾಷೆ. ಆದರೆ ಅದನ್ನು ಕಲಿಸುವ ತರಗತಿ ಇಂದು ಹುಡುಕಿದರೂ ಸಿಗುವುದು ಕಷ್ಟ. ಪೈಥಾನ್ ಸಿಬಿಎಸ್‌ಇ 11 ಮತ್ತು 12ನೇ ತರಗತಿಯ ಪಠ್ಯದಲ್ಲಿದೆ, ವಿಟಿಯು ಇಂಜಿನಿಯರಿಂಗ್ ಪಠ್ಯಕ್ರಮದಲ್ಲಿದೆ. ಇಳಕಲ್ಲಿನ ನೇಕಾರರ ಮನೆಯ ಹುಡುಗಿ ಬಾಗಲಕೋಟೆಯ ಕಾಲೇಜಿನಲ್ಲಿ ಕಲಿಯುವ ಭಾಷೆಯೂ ಅವರ ಮಗ್ಗದ ನಕ್ಷೆ ಬರೆಯುವ ತಂತ್ರಾಂಶದ ಭಾಷೆಯೂ ಒಂದೇ ಆದರೆ, ಕಲಿತದ್ದು ಮನೆಗೆ ಬರುತ್ತದೆ. ಎರಡನೆಯ ಕಾರಣ ಲಿಪಿ. ಪೈಥಾನ್ 3ರಲ್ಲಿ ಅಕ್ಷರಗಳೆಲ್ಲ ಯೂನಿಕೋಡ್. ಪ್ರೋಗ್ರಾಮಿನೊಳಗಿನ ಹೆಸರುಗಳನ್ನೇ ಕನ್ನಡದಲ್ಲಿ ಇಡಬಹುದು. ಅಂಚು, ಸೆರಗು, ಹಾಸು, ಹೊಕ್ಕು ಎಂದು ಬರೆದರೆ ಯಂತ್ರ ಒಪ್ಪುತ್ತದೆ. 1986ರಿಂದ ಇರುವ ಆಟೋಲಿಸ್ಪ್‌ಗೆ ಪೂರ್ಣ ಯೂನಿಕೋಡ್ ಬೆಂಬಲ ಬಂದದ್ದು ಆಟೋಕ್ಯಾಡ್‌ನ 2021ರ ಆವೃತ್ತಿಯಲ್ಲಿ. ಭಾರತದ ಭಾಷೆಗಳಲ್ಲಿ ಕೆಲಸ ಮಾಡುವವರು ಕಾಯಬೇಕಾಗಿ ಬಂದ ಆ ವರ್ಷಗಳನ್ನು ನೆನೆದರೆ, ಭಾಷೆಯ ಆಯ್ಕೆ ಬರಿ ತಾಂತ್ರಿಕ ವಿವರವಲ್ಲ ಎಂಬುದು ತಿಳಿಯುತ್ತದೆ.

ಮೊದಲ ಆಕ್ಷೇಪ ನೇರವಾದದ್ದು: ನೇಕಾರರು ಪ್ರೋಗ್ರಾಂ ಬರೆಯುತ್ತಾರೆಯೇ? 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ನೇಕಾರರು ಮತ್ತು ಪೂರಕ ಕೆಲಸಗಾರರಿದ್ದಾರೆ. ಅವರಲ್ಲಿ ಬಹುಪಾಲು ಜನ ಎಂದೂ ಒಂದು ಸಾಲು ಕೋಡು ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಹಿಂದೆಯೂ ಪ್ರತಿ ನೇಕಾರ ನಕ್ಷಾಬಂದನಾಗಿರಲಿಲ್ಲ. ಕೇರಿಗೆ ಕೆಲವರಿದ್ದರೆ ಸಾಕಾಗಿತ್ತು. ಒಬ್ಬರು ಬರೆದ ಸ್ಕ್ರಿಪ್ಟನ್ನು ನೂರು ಮಂದಿ ಒಂದು ಗುಂಡಿ ಒತ್ತಿ ಬಳಸಬಹುದು. ಆ ಒಬ್ಬರನ್ನು ಬೆಳೆಸುವ ಸಂಸ್ಥೆಗಳು ನಮ್ಮಲ್ಲಿವೆ. ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆ ವಾರಾಣಸಿಯಲ್ಲಿದೆ, ಸೇಲಂನಲ್ಲಿದೆ. ರಾಜ್ಯ ವಲಯದಲ್ಲಿ ಗದಗದಲ್ಲೂ ಇದೆ. ನೇಕಾರರ ಸೇವಾ ಕೇಂದ್ರಗಳು ವಾರಾಣಸಿಯಲ್ಲೂ ಬೆಂಗಳೂರಿನಲ್ಲೂ ಇವೆ. ಅಲ್ಲಿನ ಪಾಠಗಳಲ್ಲಿ ತಂತ್ರಾಂಶದ ಯಾವ ಗುಂಡಿ ಎಲ್ಲಿದೆ ಎಂದು ಕಲಿಸುವುದರ ಜತೆಗೆ, ಇಲ್ಲದ ಗುಂಡಿಯನ್ನು ಮಾಡಿಕೊಳ್ಳುವುದು ಹೇಗೆಂದೂ ಕಲಿಸಿದರೆ ಈ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅದನ್ನು ನಾನು ಗೌರವದಿಂದ ಒಪ್ಪುತ್ತೇನೆ. ಹೊಸ ಭಾಷೆಗಳು ಬೇಗ ಬದಲಾಗುತ್ತವೆ, ಇಂದು ಬರೆದದ್ದು ಐದು ವರ್ಷಕ್ಕೆ ಓಡದೇ ಹೋಗಬಹುದು ಎಂಬುದು ಆ ಮಾತು. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ರಂದು ಮುಗಿಯಿತು. ಅದರಲ್ಲಿ ಬರೆದ ಎಷ್ಟೋ ಕೆಲಸವನ್ನು ತಿದ್ದಬೇಕಾಯಿತು. ಆಟೋಕ್ಯಾಡ್‌ನಲ್ಲಿ 1990ರ ದಶಕದಲ್ಲಿ ಬಂದ ವಿಬಿಎ ಎಂಬ ಭಾಷೆ 2010ರ ಆವೃತ್ತಿಯಿಂದ ಮೂಲ ಕಂತೆಯಿಂದ ಹೊರಬಿದ್ದು ಬೇರೆಯಾಗಿ ಇಳಿಸಿಕೊಳ್ಳಬೇಕಾದ ಸಾಮಗ್ರಿಯಾಯಿತು. 2025ರ ಆವೃತ್ತಿ ಡಾಟ್‌ನೆಟ್ 8ಕ್ಕೆ ಸಾಗಿದಾಗ ಪ್ಲಗಿನ್ ಬರೆದವರು ತಮ್ಮ ಕೆಲಸವನ್ನು ಹೊಸ ವೇದಿಕೆಗೆ ಒಗ್ಗಿಸಬೇಕಾಯಿತು. ಇವೆಲ್ಲದರ ನಡುವೆ ಮುಪ್ಪಿನ ಆಟೋಲಿಸ್ಪ್‌ನಲ್ಲಿ ದಶಕಗಳ ಹಿಂದೆ ಬರೆದ ಎಷ್ಟೋ ಸಾಲುಗಳು ಈಗಲೂ ಓಡುತ್ತವೆ. ಹಾಗಾಗಿ ಭಾಷೆ ಹೊಸದಾಗಿದ್ದರೆ ಸಾಲದು. ಸ್ಕ್ರಿಪ್ಟ್ ವ್ಯವಸ್ಥೆಯ ಆಜ್ಞೆಗಳನ್ನು ಇಂತಿಷ್ಟು ವರ್ಷ ಬದಲಿಸುವುದಿಲ್ಲ, ಬದಲಿಸಿದರೆ ಮೊದಲೇ ತಿಳಿಸಿ ಹಳೆಯದನ್ನು ಹೊಸದಕ್ಕೆ ತಿರುಗಿಸುವ ಸಾಧನ ಕೊಡುತ್ತೇವೆ ಎಂಬ ಲಿಖಿತ ಭರವಸೆ ಬೇಕು. ಮಾರುಕಟ್ಟೆಯ ಕಂಪನಿಯಿಂದ ಈ ಭರವಸೆ ಪಡೆಯುವುದು ಕಷ್ಟ. ಸಾರ್ವಜನಿಕ ಯೋಜನೆಯ ಕರಾರಿನಲ್ಲಿ ಅದನ್ನು ಬರೆಸಿಕೊಳ್ಳಲು ಅಡ್ಡಿಯಿಲ್ಲ.

ಮೂರನೆಯದು ಸುರಕ್ಷತೆ. ಹೊರಗಿನವರ ಪ್ರೋಗ್ರಾಂ ಓಡಿಸುವ ಬಾಗಿಲಿನಿಂದ ಕಳ್ಳನೂ ಬರಬಹುದು. 2012ರಲ್ಲಿ ಇಸೆಟ್ ಎಂಬ ಭದ್ರತಾ ಕಂಪನಿ ಆಟೋಲಿಸ್ಪ್‌ನಲ್ಲೇ ಬರೆದಿದ್ದ ಮೆಡ್ರೆ ಎಂಬ ದುಷ್ಟ ಪ್ರೋಗ್ರಾಂ ಒಂದನ್ನು ಬಯಲಿಗೆಳೆಯಿತು; ಹೆಚ್ಚಾಗಿ ಪೆರು ದೇಶದಲ್ಲಿ ಹರಡಿದ್ದ ಅದು ಆಟೋಕ್ಯಾಡ್ ನಕ್ಷೆಗಳನ್ನು ಕದ್ದು ಇಮೇಲ್ ಮೂಲಕ ಹೊರಗೆ ಕಳಿಸುತ್ತಿತ್ತು. ವಿನ್ಯಾಸವೇ ಬಂಡವಾಳವಾಗಿರುವ ನೇಕಾರರಿಗೆ ಈ ಭಯ ಸುಳ್ಳಲ್ಲ. ಆದರೆ ಅದಕ್ಕೆ ಆಟೋಕ್ಯಾಡ್ ಕಂಡುಕೊಂಡ ಪರಿಹಾರ ಬಾಗಿಲನ್ನು ಮುಚ್ಚುವುದಾಗಿರಲಿಲ್ಲ. 2014ರ ಆವೃತ್ತಿಯಿಂದ, ನಂಬಿಕೆಯ ಜಾಗದಲ್ಲಿಟ್ಟ ಪ್ರೋಗ್ರಾಮುಗಳನ್ನಷ್ಟೇ ತಡೆಯಿಲ್ಲದೆ ತೆರೆಯುವ ನಿಯಂತ್ರಣ ಬಂತು. ನೇಯ್ಗೆಯ ತಂತ್ರಾಂಶದ ಸ್ಕ್ರಿಪ್ಟುಗಳಿಗೆ ಅಂತರ್ಜಾಲವೂ ಬೇಕಿಲ್ಲ, ಇತರ ಕಡತಗಳೂ ಬೇಕಿಲ್ಲ. ತೆರೆದಿರುವ ನಕ್ಷೆಯನ್ನು ಮಾತ್ರ ಮುಟ್ಟಲು ಬಿಡುವಂತೆ ಕಟ್ಟಬಹುದು. ನೇಕಾರರ ಸೇವಾ ಕೇಂದ್ರ ಪರಿಶೀಲಿಸಿ ಸಹಿ ಹಾಕಿದ ಸ್ಕ್ರಿಪ್ಟುಗಳ ಸಂಗ್ರಹವನ್ನು ನಡೆಸಬಹುದು.

ನಾಲ್ಕನೆಯ ಆಕ್ಷೇಪ ಕೇರಿಯ ಒಳಗಿನದು. ತಂತ್ರಾಂಶ ಹೆಚ್ಚು ಸಮರ್ಥವಾದಷ್ಟೂ ವಿದ್ಯುತ್ ಮಗ್ಗದವರು ಕೈಮಗ್ಗದ ವಿನ್ಯಾಸವನ್ನು ಬೇಗ ನಕಲು ಮಾಡುತ್ತಾರೆ ಎಂಬ ಆತಂಕ. ನಕಲು ಈಗಾಗಲೇ ನಡೆಯುತ್ತಿದೆ. ಒಂದು ಫೋಟೊ ಅದಕ್ಕೆ ಸಾಕು. ಅದನ್ನು ತಡೆಯಬೇಕಾದದ್ದು ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ, ಬನಾರಸಿ ಸೀರೆಗೆ 2009ರಲ್ಲಿ ದಕ್ಕಿದ ಭೌಗೋಳಿಕ ಸೂಚಕದಂಥ ರಕ್ಷಣೆ, ಮತ್ತು ಅವುಗಳ ಪ್ರಾಮಾಣಿಕ ಜಾರಿ. ಉಪಕರಣ ತೆರೆದಿರಬೇಕು ಎಂದರೆ ವಿನ್ಯಾಸವನ್ನು ಹಂಚಿಬಿಡಬೇಕು ಎಂದಲ್ಲ. ಸ್ಕ್ರಿಪ್ಟು ಎಲ್ಲರದಾಗಬಹುದು, ನಕ್ಷೆ ಮನೆಯದಾಗಿಯೇ ಉಳಿಯಬಹುದು. ಇನ್ನೊಬ್ಬರ ಮುಚ್ಚಿದ ಕಡತದ ರೂಪದಲ್ಲಿ ತನ್ನ ನಕ್ಷೆಯನ್ನು ಇಟ್ಟುಕೊಂಡ ನೇಕಾರನೇ ಹೆಚ್ಚು ಅಸುರಕ್ಷಿತ. ಚಂದಾ ಮುಗಿದ ದಿನ ತನ್ನ ನಕ್ಷೆಯನ್ನು ತಾನೇ ತೆರೆಯಲಾಗದ ಸ್ಥಿತಿ ಅವನದು. ಕಂಪ್ಯೂಟರೇ ಕೋಡು ಬರೆದುಕೊಡುವ ಈ ಕಾಲದಲ್ಲಿ ಇದೆಲ್ಲ ಏಕೆ ಎನ್ನುವವರಿಗೂ ಉತ್ತರ ಇಲ್ಲಿಯೇ ಇದೆ. ಕೃತಕ ಬುದ್ಧಿಮತ್ತೆ ಬರೆದ ಹತ್ತು ಸಾಲನ್ನು ಒಳಗೆ ಬಿಟ್ಟುಕೊಳ್ಳಲು ತಂತ್ರಾಂಶದಲ್ಲಿ ಬಾಗಿಲಿರಬೇಕು, ಅದು ಸರಿಯಿದೆಯೇ ಎಂದು ನೋಡಬಲ್ಲ ಕಸುಬಿನವರು ಊರಿನಲ್ಲಿರಬೇಕು.

ಆದ್ದರಿಂದ ಕೇಂದ್ರ ಜವಳಿ ಸಚಿವಾಲಯ ಮತ್ತು ಕರ್ನಾಟಕದ ಕೈಮಗ್ಗ ಮತ್ತು ಜವಳಿ ಇಲಾಖೆ ತಮ್ಮ ಮುಂದಿನ ಖರೀದಿ ಮತ್ತು ಅಭಿವೃದ್ಧಿ ಕರಾರುಗಳಲ್ಲಿ ನಾಲ್ಕು ಷರತ್ತುಗಳನ್ನು ಸೇರಿಸಬೇಕು. ವ್ಯಾಪಕವಾಗಿ ಕಲಿಸಲಾಗುವ ಮುಕ್ತ ಭಾಷೆಯೊಂದರಲ್ಲಿ ಸ್ಕ್ರಿಪ್ಟ್ ಬರೆಯುವ ವ್ಯವಸ್ಥೆ ತಂತ್ರಾಂಶದ ಅತ್ಯಂತ ಅಗ್ಗದ ಅಥವಾ ಉಚಿತ ಆವೃತ್ತಿಯಲ್ಲೇ ಇರಬೇಕು. ಅದರ ದಾಖಲೆ ಕನ್ನಡ, ಹಿಂದಿ ಮತ್ತು ನೇಕಾರರಿರುವ ಇತರ ರಾಜ್ಯಗಳ ಭಾಷೆಗಳಲ್ಲಿ ಸಿಗಬೇಕು. ನಕ್ಷೆಯ ಕಡತದ ರೂಪ ಪ್ರಕಟವಾಗಿರಬೇಕು. ಆಜ್ಞೆಗಳ ಸ್ಥಿರತೆಗೆ ಅವಧಿ ಸಹಿತ ಭರವಸೆ ಇರಬೇಕು. ಜತೆಗೆ ಗದಗದ ಸಂಸ್ಥೆಯೂ ವಾರಾಣಸಿಯ ಸಂಸ್ಥೆಯೂ ಒಂದು ಸೆಮಿಸ್ಟರಿನ ಪಾಠವನ್ನು ಒಟ್ಟಾಗಿ ರೂಪಿಸಿ, ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಬಟ್ಟೆಗೆ ಬೇಕಾದ ಒಂದು ಸ್ಕ್ರಿಪ್ಟನ್ನು ನೇಕಾರರ ಜತೆ ಕುಳಿತು ಬರೆದು ಒಪ್ಪಿಸುವಂತೆ ಮಾಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಕರಾರಿನಲ್ಲಿ ಕೆಲವು ಸಾಲು, ಪಠ್ಯದಲ್ಲಿ ಕೆಲವು ಗಂಟೆ ಸಾಕು. ಮೊದಲ ವರ್ಷ ಜರಿಯ ಲೆಕ್ಕ ಹೇಳುವ ಒಂದೇ ಒಂದು ಸ್ಕ್ರಿಪ್ಟು ಸಹಕಾರ ಸಂಘಗಳ ಕೈ ಸೇರಿದರೂ, ಕೂಲಿಯ ಮಾತುಕತೆಯಲ್ಲಿ ನೇಕಾರರ ಪರವಾಗಿ ಒಂದು ಖಚಿತ ಅಂಕಿ ಇರುತ್ತದೆ.